ಅಮ್ಮ ಬಂದ ಮನೆಯ ಬಜ್ಜಿ

1963ರ ಬೇಸಿಗೆ. ನಾನು ದಾವಣಗೆರೆ ಪುರಸಭೆಯಲ್ಲಿ ಲೇಡಿ ಹೆಲ್ತ್ ವಿಸಿಟರ್ ಆಗಿದ್ದೆ. ಮನೆಮನೆಗೆ ಹೋಗಿ ಬಾಣಂತಿಯರನ್ನೂ ಕೂಸುಗಳನ್ನೂ ನೋಡುವುದು ನನ್ನ ಕೆಲಸ. ಆ ಬೇಸಿಗೆ ಸಿಡುಬಿನ ಲಸಿಕೆಗೆ ಜನ ಸಾಲದೆ ನನ್ನನ್ನು ಹರಿಹರಕ್ಕೆ ಎರವಲು ಕಳಿಸಿದರು. ಲಸಿಕೆಗೆ ಆಗ ‘ದೇವಿ ಹಾಕೋದು’ ಎನ್ನುತ್ತಿದ್ದರು. ಸಿಡುಬು ಬಂದರೆ ‘ಅಮ್ಮ ಬಂದಾಳೆ’ ಎಂದು ಬಾಗಿಲಿಗೆ ಬೇವು ಕಟ್ಟುತ್ತಿದ್ದರು. ಅಂಥ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಒಳಗಿನವರು ಒಗ್ಗರಣೆ ಹಾಕುವಂತಿಲ್ಲ, ಏನನ್ನೂ ಕರಿಯುವಂತಿಲ್ಲ.

ಹೊಳೆ ಕಡೆಯ ಓಣಿಯೊಂದರಲ್ಲಿ ನೀರು ಹೊತ್ತು ಬರುತ್ತಿದ್ದ ಗಂಗಮ್ಮ ಎಂಬಾಕೆ ನಮ್ಮ ಚೀಲ ನೋಡಿ ನಿಂತಳು.

“ಅಕ್ಕಾರೆ, ರುದ್ರಪ್ಪನ ಹಿತ್ತಲ ಕೋಣಿ ನೋಡ್ರಿ. ಅವನ ತಂಗಿ ನಾಗವ್ವಗೆ ಅಮ್ಮ ಬಂದಾಳಂತೆ. ಯುಗಾದಿಗೆ ಮುಂಚೆ ಬಂದಾಕಿ ಇನ್ನೂ ಹೋಗವಲ್ಲಳು. ಬಾಡಿಗಿಗೆ ಇದ್ದಾಳೇನೋ.”

ನಾಗವ್ವ ಚಿಕ್ಕಂದಿನಲ್ಲೇ ಕಾಲು ಸೋತು ಅಣ್ಣನ ಆಸರೆಯಲ್ಲೇ ಬೆಳೆದವಳೆಂದೂ ಹೇಳಿದಳು. ಸಿಡುಬು ಅಷ್ಟು ದಿನ ನಿಲ್ಲುವ ರೋಗವಲ್ಲ. ನನಗೆ ಅನುಮಾನ ಬಂತು.

ರುದ್ರಪ್ಪ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಬಸಕ್ಕ, “ಬರ್ರಿ, ಕೂಡ್ರಿ” ಎಂದು ಚಾಪೆ ಹಾಸಿದಳು. ಮದುವೆ ವಯಸ್ಸಿಗೆ ಬಂದ ಮಗಳು ಗಿರಿಜೆಗೆ ನನ್ನ ಜೊತೆಯ ವ್ಯಾಕ್ಸಿನೇಟರ್ ಸಿದ್ದಪ್ಪ ದೇವಿ ಹಾಕಿದ.

“ಹಿತ್ತಲ ಕಡೆ ಮಾತ್ರ ಬ್ಯಾಡ್ರಿ. ತಾಯಿ ಸಿಟ್ಟಾಗ್ತಾಳೆ,” ಎಂದಳು ಬಸಕ್ಕ.

ಆದರೆ ಮನೆಗೆ ಬಂದವರನ್ನು ಬರೀ ಬಾಯಲ್ಲಿ ಕಳಿಸಲು ನಮ್ಮ ಕಡೆಯ ಹೆಂಗಸಿಗೆ ಮನಸ್ಸು ಬರುವುದಿಲ್ಲ. ಒಳಗೆ ಹೋದವಳು ಒಗ್ಗರಣೆ ಹಾಕಿದ ಮಂಡಕ್ಕಿ, ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ನಾನು ಒಂದು ಕಡಿದೆ.

“ಬಜ್ಜಿ ಭಾಳ ಚಲೋ ಆಗ್ಯಾವೆ ಬಸಕ್ಕ. ಆದ್ರೆ ಅಮ್ಮ ಇರೋ ಮನ್ಯಾಗೆ ಎಣ್ಣಿ ಬಾಣಲಿ ಹೆಂಗೆ ಇಟ್ರಿ?”

ಬಸಕ್ಕನ ಕೈ ತಟ್ಟೆಯ ಮೇಲೇ ಉಳಿಯಿತು. ಸಿದ್ದಪ್ಪ ಬಾಯಲ್ಲಿದ್ದ ಬಜ್ಜಿಯನ್ನು ನುಂಗಲೋ ಬೇಡವೋ ಎಂದು ನನ್ನ ಮುಖ ನೋಡಿದ.

ಬೇವು ಸರಿಸಿ ಕೋಣೆಯ ಬಾಗಿಲು ತೆಗೆದೆ. ನಾಗವ್ವ ಗೋಡೆಗೊರಗಿ ಕೂತಿದ್ದಳು. ಮೈಮೇಲೆ ಸಿಡುಬಿನ ಒಂದು ಗುಳ್ಳೆಯಿಲ್ಲ, ಕಾಲಿನ ಗಿಣ್ಣಿಗೆ ಮಾತ್ರ ಹಗ್ಗ ಕೊರೆದ ಹುಣ್ಣು. ತೆವಳಿ ಓಣಿಗೆ ಬಂದುಬಿಡುತ್ತಾಳೆಂದು ಕಟ್ಟಿದ್ದರು; ಓಣಿಯವರು ಹಿತ್ತಲಿಗೆ ಇಣುಕದಿರಲೆಂದು ಅಮ್ಮನ ನೆಪ ಹೇಳಿದ್ದರು. ಗಿರಿಜೆಯನ್ನು ನೋಡಲು ಪರಊರಿನಿಂದ ಬರುವ ಗಂಡಿನವರ ಕಣ್ಣಿಗೆ ಈ ಸೋದರತ್ತೆ ಬೀಳಬಾರದಿತ್ತು.

ನಾಗವ್ವ ನನ್ನ ಕೈಯಲ್ಲಿದ್ದ ಅರ್ಧ ಬಜ್ಜಿ ನೋಡಿದಳು. “ಬಜ್ಜಿ ನಿಮಗೆ, ಬೇವು ನನಗೆ. ನ್ಯಾಯ ಭಾರಿ ಐತೆ ಬಿಡ್ರಿ.”

ಹಗ್ಗ ಬಿಚ್ಚಿದೆ. ಆದರೆ ಹಾಗೇ ಬಿಟ್ಟುಬಂದರೆ ಸಂಜೆಗೆ ಮತ್ತೆ ಕಟ್ಟುತ್ತಾರೆ. ಇಂಥವರನ್ನು ಇರಿಸಿಕೊಳ್ಳುವ ಜಾಗ ಪುರಸಭೆಗೆ ಇರಲಿಲ್ಲ. ಸಿದ್ದಪ್ಪನನ್ನು ಅಲ್ಲೇ ಕಾವಲಿಗೆ ಕೂಡಿಸಿ ಹರಿಹರ ಪುರಸಭೆಯ ಚೀಫ್ ಆಫೀಸರ ಬಳಿಗೆ ಹೋದೆ.

“ನಲ್ಲಿ ನಮ್ದು, ಚರಂಡಿ ನಮ್ದು. ಮನಿಯೊಳಗಿಂದು ನಮ್ಮ ಬಾಬತ್ತಲ್ಲಮ್ಮ,” ಎಂದರು ಅವರು.

“ಸಿಡುಬು ನಮ್ಮ ಬಾಬತ್ತು ಹೌದಲ್ರಿ ಸರ್? ಆಕಿಗೆ ಸಿಡುಬು ಅಂತ ಮನಿಯವರೇ ಓಣಿ ತುಂಬ ಸಾರ್ಯಾರೆ. ಡಾಕ್ಟರು ನೋಡೋ ತನಕ ಐಸೊಲೇಶನ್ ಷೆಡ್ಡಿಗೆ ಒಯ್ಯಬೇಕಲ್ರಿ.”

ಅಂಟುರೋಗದವರನ್ನು ಬೇರೆಯಾಗಿ ಇರಿಸುವ ಆ ಷೆಡ್ಡು ಊರಾಚೆ ಖಾಲಿ ಬಿದ್ದಿತ್ತು. ಸಾಹೇಬರು ಕನ್ನಡಕ ತೆಗೆದಿಟ್ಟು ನಕ್ಕರು. ಜಟಕಾ ತರಿಸಿಕೊಟ್ಟರು.

ಜಟಕಾ ಬಾಗಿಲಿಗೆ ಬರುವ ಹೊತ್ತಿಗೆ ರುದ್ರಪ್ಪನೂ ಬಂದಿದ್ದ. ಊರಾಚೆಯ ಷೆಡ್ಡೆಂದರೆ ಗಂಡಿನವರಿಗೆ ಸುದ್ದಿ ಮುಟ್ಟುತ್ತದೆ ಎಂದು ಗಾಬರಿಬಿದ್ದ. ಓಣಿಯವರೆಲ್ಲ ಕೇಳುವಂತೆ, “ಆಕಿಗೆ ಸಿಡುಬೇ ಇಲ್ರಿ, ಏನೂ ಇಲ್ರಿ” ಎಂದು ಕೂಗಿದ.

ಗಂಗಮ್ಮ ಕೊಡ ಇಳಿಸದೆಯೇ ಕೇಳಿದಳು: “ಮತ್ತೆ ಬೇವು ಯಾರಿಗೆ ಕಟ್ಟಿದ್ದಿ ರುದ್ರಣ್ಣ? ನಿನ್ನ ನಾಲಿಗಿಗಾ?”

ಓಣಿ ನಕ್ಕಿತು. ಜಟಕಾದಲ್ಲಿ ಕೂತ ನಾಗವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಇನ್ನು ತಂಗಿಯನ್ನು ಕಟ್ಟಿಹಾಕುವುದಿಲ್ಲವೆಂದು ರುದ್ರಪ್ಪ ಪೊಲೀಸ್ ಠಾಣೆಯಲ್ಲಿ ಮುಚ್ಚಳಿಕೆ ಬರೆದುಕೊಟ್ಟ. ಸಿಡುಬಿಲ್ಲವೆಂದು ಡಾಕ್ಟರು ಮೊದಲ ದಿನವೇ ಹೇಳಿದರು. ಕಾಲಿನ ಹುಣ್ಣು ಮಾಯಲಿ ಎಂದು ಆಕೆಯನ್ನು ಷೆಡ್ಡಿನಲ್ಲೇ ಉಳಿಸಿಕೊಂಡರು. ಅಷ್ಟರಲ್ಲಿ ದಾವಣಗೆರೆಯ ನಮ್ಮ ಹೆರಿಗೆ ವಾರ್ಡಿಗೆ ಕೂತಲ್ಲೇ ತೊಟ್ಟಿಲು ನೋಡಿಕೊಳ್ಳುವ ಆಯಾ ಬೇಕಾದಳು. ಬರ್ತೀಯಾ ಎಂದು ಕೇಳಿದರೆ ನಾಗವ್ವ, “ಅಲ್ಲಿ ಬಾಗ್ಲಿಗೆ ಚಿಲಕ ಯಾವ ಕಡೆ ಐತ್ರಿ?” ಎಂದಳು. ಒಳಗಡೆ ಎಂದೆ. ಹೊರಟೇಬಿಟ್ಟಳು.

ಗಿರಿಜೆಯ ಮದುವೆಯೂ ಆಯಿತು. ಸ್ವತಃ ಅವಳೇ ವಾರ್ಡಿಗೆ ಬಂದು ಅತ್ತೆಯನ್ನು ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂಡಿಸಿದ್ದಳು. ಗಂಡಿನವರು ಯಾರೂ ಎದ್ದುಹೋಗಲಿಲ್ಲ.

ನಮಗೆ ಬೇಕಾದದ್ದು ಪುರಸಭೆಯಲ್ಲಿ ಬೇಕಾದ ಹೆಸರಿನಲ್ಲಿ ಸಿಗುವುದು ಕಡಿಮೆ. ಖಾಲಿ ಷೆಡ್ಡೋ, ಒಂದು ಜಟಕಾವೋ, ಇರುವುದನ್ನೇ ತಿರುಗಿಸಿ ನೋಡಬೇಕು ಎಂಬುದನ್ನು ನಾನು ಕಲಿತದ್ದು ಅಲ್ಲಿ. ಯಾರಾದರೂ ‘ಒಳಗೆ ಹುಷಾರಿಲ್ಲದವರು ಇದ್ದಾರೆ’ ಎಂದರೆ, ಕೊಟ್ಟ ತಿಂಡಿ ತಿಂದು, ಅವರನ್ನು ಕಣ್ಣಾರೆ ಕಂಡೇ ಏಳುವುದನ್ನೂ ರೂಢಿಸಿಕೊಂಡೆ.

ಗಿರಿಜೆಯ ಚೊಚ್ಚಲ ಹೆರಿಗೆ ನಮ್ಮ ವಾರ್ಡಿನಲ್ಲೇ ಆಯಿತು. ಹೆಣ್ಣುಕೂಸು. ನಾಗವ್ವ ಅದನ್ನು ಬಟ್ಟೆಯಲ್ಲಿ ಸುತ್ತಿ, ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ ಬಸಕ್ಕನ ಕಡೆಗೆ ಚಾಚಿದಳು.

“ಹಿಡಿ ಅತ್ತಿಗೆ. ಈಗ ಖರೇನೇ ಅಮ್ಮ ಬಂದಾಳೆ. ಬೇವು ಬ್ಯಾಡ, ಬಜ್ಜಿ ಕರಿ.”