ಹಳೇ ಅಳತೆಯ ಮನೆ

ಮನೆಯನ್ನು ಮತ್ತೆ ಕಟ್ಟಲು ತಗಲುವ ಖರ್ಚಿನ ಅರ್ಧಕ್ಕಷ್ಟೇ ವಿಮೆ ಮಾಡಿಸಿದ್ದರೆ, ಒಂದೇ ಕೋಣೆ ಸುಟ್ಟರೂ ಆ ನಷ್ಟದಲ್ಲಿ ಅರ್ಧ ಮಾತ್ರ ಕೈಗೆ ಬರಬಹುದು. ಅನೇಕ ವಿಮೆ ಕಾಗದಗಳಲ್ಲಿ ಇದು ಅಚ್ಚಾಗಿಯೇ ಇರುತ್ತದೆ. ಓದಿದವರು ಯಾರು?

ನಮ್ಮ ಬೀದಿಯ ಟೈಲರಕ್ಕ ಓದಿರಲಿಲ್ಲ. ಹಳೇ ಅಳತೆ ನಂಬಿ ಅವಳು ಒಮ್ಮೆಯೂ ಬಟ್ಟೆಗೆ ಕತ್ತರಿ ಹಾಕಿದವಳಲ್ಲ. "ಹೋದ ಸಲದ್ದು ಬರ್ಕೊಂಡಿದ್ಯಲ್ಲಕ್ಕಾ" ಎಂದು ಗಿರಾಕಿ ಅಂದರೆ, "ಹೋದ ಸಲದ ಹೊಟ್ಟೇನೂ ತಂದಿದ್ದೀಯಾ? ಕೈ ಎತ್ತು" ಎನ್ನುವವಳು. ಆದರೆ ಅವಳ ಮನೆಗೆ ವಿಮೆ ಮಾಡಿಸಿದ್ದ ಏಜೆಂಟ್ ವರ್ಷಕ್ಕೊಮ್ಮೆ ಫೋನ್ ಮಾಡಿ, "ವಿಮೆ ಹಾಗೇ ಮುಂದುವರಿಸ್ಲಾ ಅಕ್ಕಾ?" ಎಂದಾಗೆಲ್ಲ ಅವಳ ತುಟಿಗಳ ನಡುವೆ ಗುಂಡುಪಿನ್ನುಗಳಿರುತ್ತಿದ್ದವು. "ಹೂಂ" ಅಷ್ಟೇ. ಅವನಿಗೂ ಅಷ್ಟೇ ಬೇಕಾಗಿದ್ದದ್ದು, ಕಮಿಷನ್ನು ತಪ್ಪುತ್ತಿರಲಿಲ್ಲವಲ್ಲ.

ಭಾನುವಾರ ಎದುರು ಮನೆ, ಫ್ರಿಜ್ಜಿನ ಹಿಂದಿನ ತಂತಿಯಿಂದ ಹೊತ್ತಿ ಉರಿದುಹೋಯಿತು. ಮರುದಿನ ಬೆಳಿಗ್ಗೆ ಟೈಲರಕ್ಕ ತನ್ನ ವಿಮೆ ಕಾಗದ ತೆಗೆದಳು. "ಒಂದು ಅಂತಸ್ತು. ವಾಸಕ್ಕೆ ಮಾತ್ರ." ಎಂದಿತ್ತು ಅದರಲ್ಲಿ. ಮಹಡಿ ಕಟ್ಟಿಸಿ ಆರು ವರ್ಷವಾಗಿದೆ. ಅಲ್ಲಿ ನಾಲ್ಕು ಮಿಷನ್ನು, ಇಸ್ತ್ರಿ ಪೆಟ್ಟಿಗೆ, ಗೋಡೆಯುದ್ದಕ್ಕೂ ಗಿರಾಕಿಗಳ ಬಟ್ಟೆ.

ಏಜೆಂಟಿಗೆ ಫೋನ್ ಹೋಯಿತು.

"ಮಹಡಿ ಕಟ್ಟಿಸಿದ್ದು ನೀವು ಹೇಳ್ಲೇ ಇಲ್ವಲ್ಲಕ್ಕಾ."

"ನಿನ್ನ ಮದುವೆ ಕೋಟು ಹಾಕಿ ನೋಡಿದ್ದು ಅದೇ ಮಹಡೀಲಿ ಕಣೋ! ಮೆಟ್ಟಿಲು ಹತ್ತುವಾಗ ಕಣ್ಣು ಮುಚ್ಕೊಂಡಿದ್ಯಾ?"

ಆ ಕಡೆ ಕೆಮ್ಮು. "ಗುರುವಾರ ಅಳೆಯೋಕೆ ಜನ ಬರ್ತಾರೆ. ಹೊಸ ಕಾಗದ ಕೈಗೆ ಬರೋವರೆಗೂ ಸ್ವಲ್ಪ ಹುಷಾರಾಗಿರಿ."

ಹುಷಾರಾಗಿರಿ! ಅವಳು ಮಹಡಿಯ ಕರೆಂಟು ತೆಗೆದಳು. ಇಸ್ತ್ರಿ ಪೆಟ್ಟಿಗೆಯನ್ನು ಹಿತ್ತಲ ಕಲ್ಲಿನ ಮೇಲಿಟ್ಟಳು. ಕಾಲಲ್ಲಿ ತುಳಿಯುವ ಹಳೇ ಮಿಷನ್ ಒಂದೇ ನಡೆಯಿತು.

"ಬೆಂಕಿ ಏನು ನಿನ್ನ ವಿಮೆ ಓದ್ಕೊಂಡು ಬರುತ್ತಾ ಕಣೇ?" ಎಂದು ಗಂಡ ನಕ್ಕ.

"ಬೆಂಕಿ ಓದಲ್ಲ ಕಣ್ರೀ. ಆಮೇಲೆ ಕಂಪನಿ ಓದುತ್ತೆ."

ಅವನ ನಗು ಅಲ್ಲಿಗೇ ನಿಂತಿತು. ಎದ್ದು ಹೋಗಿ ಗ್ಯಾಸಿನ ನಾಬು ಎರಡು ಸಲ ಮುಟ್ಟಿ ನೋಡಿ ಬಂದ.

ಇವತ್ತು ಮಂಗಳವಾರ. ಎದುರು ಮನೆಯ ಸುಟ್ಟ ವಾಸನೆ ಇನ್ನೂ ಹೋಗಿಲ್ಲ. ಗಾಳಿ ಬೀಸಿದಾಗೆಲ್ಲ ಟೈಲರಕ್ಕ, ವಾಸನೆ ತನ್ನ ಮನೆಯದೇ ಇರಬೇಕೆಂದು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಳೆ. ಗುರುವಾರ ಇನ್ನೂ ದೂರವಿದೆ.

ನಿಮ್ಮ ಬಾಯಲ್ಲಿ ಪಿನ್ನಿಲ್ಲ. ಈಗಲೇ ನಿಮ್ಮ ವಿಮೆ ಕಾಗದ ತೆಗೆದು, ಮನೆಯ ಮುಂದೆ ನಿಂತು ಗಟ್ಟಿಯಾಗಿ ಓದಿ. ಓದಿದ ಮನೆಯೇ ಕಣ್ಣೆದುರು ಕಾಣದಿದ್ದರೆ ಇವತ್ತೇ ಏಜೆಂಟಿಗೆ ಫೋನ್ ಮಾಡಿ, ಉತ್ತರವನ್ನು ಬರಹದಲ್ಲಿ ಕೊಡಲು ಅವನು ಒಪ್ಪುವವರೆಗೂ ಫೋನ್ ಇಡಬೇಡಿ.