ಕಾಕಾನ ಗದ್ದದ ನರೂಲಿ

ನನ್ನ ಮೊಮ್ಮಗಳಿಗೆ ಯಾವ ರೋಗವೂ ಇರಲಿಲ್ಲ. ಬೀಗರ ಮನೆಯ ಕಾಕಾ ಅರ್ಧ ಓದಿ ಎದ್ದು ಬಂದಿದ್ದ, ನಡೆದದ್ದು ಅಷ್ಟೇ. ಉಳಿದದ್ದೆಲ್ಲ ಜನ ಕೂಡಿಸಿಕೊಂಡದ್ದು.

ಸನವಳ್ಳಿಯ ನಮ್ಮ ಮನೆಗೆ ಹಳಿಯಾಳದಿಂದ ಹುಡುಗಿ ನೋಡಲು ಬಂದಿದ್ದರು. ಹುಡುಗ ಒಪ್ಪಿದ, ನಮ್ಮವಳೂ ಒಪ್ಪಿದಳು. ಬರುವ ಶುಕ್ರವಾರ ಸಕ್ಕರಿ ಕಾರ್ಯ ಮಾಡಿ ಲಗ್ನ ನಿಶ್ಚಯಿಸುವುದು ಅಂತ ಮಾತಾಯಿತು. ಹುಡುಗನ ಕಾಕು, ಅಂದರೆ ಅವನ ಕಾಕಾನ ಹೆಂಡತಿ, ಹುಡುಗಿಗೆ ಬಳೆ ಇಡಿಸುವಾಗ ಬೆರಳ ಮೇಲಿನ ನರೂಲಿ ನೋಡಿ, "ಇದೇನವ್ವಾ?" ಅಂದಳು.

"ನರೂಲಿ. ನನಗೂ ಅದಾವ," ಅಂತ ನನ್ನ ಕೈ ಚಾಚಿದೆ. ಆಕೆ ನಕ್ಕಳು. ಕಾಕಾ ನಗಲಿಲ್ಲ.

ಆಗ ಹಳಿಯಾಳದಲ್ಲಿ ಇಂಟರ್ನೆಟ್ ಅಂಗಡಿ ಹೊಸತು. ತಾನು ಇಮೇಲ್ ಮಾಡಿಸಿಕೊಂಡವ ಅಂತ ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಕಾಕಾ, ಅಲ್ಲಿ ಹೋಗಿ ಕೂತು ನರೂಲಿಯ ಜಾತಕ ತೆಗೆಸಿದ್ದಾನೆ. ಆಮೇಲೆ ನಮಗೆ ಫೋನ್ ಮಾಡಿದ: "ಸಕ್ಕರಿ ಕಾರ್ಯ ಬ್ಯಾಡ್ರಿ. ಅದು ಎಚ್‌ಪಿವಿ ಅಂತ. ಗಂಡಸರ ಸಹವಾಸದಿಂದ ಬರೂ ರೋಗ. ಮುಂದ ಕ್ಯಾನ್ಸರ್ ಆಗ್ತೈತಿ ಅಂತ ಇಂಟರ್ನೆಟ್‌ನಾಗ ಬರದೈತಿ."

ಹುಡುಗಿ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಹಿಟ್ಟು ಏನು ತಪ್ಪು ಮಾಡಿತ್ತೋ, ಆ ಪರಿ ಬಡಿದಳು. ಒಂದು ವರ ಹೋದರೆ ಇನ್ನೊಂದು ಸಿಗುತ್ತದೆ. ಇಂಥ ಹೆಸರು ಒಮ್ಮೆ ಹತ್ತಿತೆಂದರೆ ಹುಡುಗಿಯನ್ನು ಬಿಡುವುದಿಲ್ಲ.

"ಸಾಕು, ರೊಟ್ಟಿ ಬಿಡು. ಹಳಿಯಾಳಕ್ಕ ಹೋಗೂಣು," ಅಂದೆ.

ಬೀಗರ ಮನೆಯಲ್ಲಿ ಚಹಾ ಕುಡಿದು ನಾನು ಬೇಡಿದ್ದು ಒಂದೇ. "ಆ ಇಂಟರ್ನೆಟ್ ನನಗೂ ತೋರಸ್ರಿ. ಸಾಯೂದ್ರಾಗ ಒಮ್ಮೆ ನೋಡತೇನಿ." ಕಾಕಾನಿಗೆ ಹುರುಪು ಬಂತು. ಕಾಕೂನೂ ಹಿಂದೆ ಬಂದಳು.

ಪ್ಲೈವುಡ್ಡಿನ ಗೂಡು, ಒಂದು ಕುರ್ಚಿ. ಕಾಕಾ ಅದನ್ನು ಹಿಡಿದ. ನಾವು ಮೂವರು ಹೆಂಗಸರು ಅವನ ಹೆಗಲ ಮೇಲೆ ಬಾಗಿ ನಿಂತೆವು. ಅವನು ಮೇಲಿನ ಎರಡು ಸಾಲು ಓದಿ, ಕನ್ನಡ ಮಾಡಿ ಹೇಳಿ, ಪಂಚಾಯತಿ ಗೆದ್ದವನಂತೆ ಹಿಂದಕ್ಕೆ ಒರಗಿದ.

"ಛಲೋ ಆತು," ಅಂದೆ. "ಈಗ ಗದ್ದದ ಮ್ಯಾಲಿನ ನರೂಲಿಗೆ ಏನಂತೈತಿ, ಕೇಳ್ರಿ."

"ಯಾರ ಗದ್ದ?"

"ನಿಮ್ದ. ದಾಡಿ ಮಾಡಿದಲ್ಲೆ ಸಾಲಾಗಿ ಕುಂತಾವಲ್ರಿ. ಅವತ್ತ ಉಪ್ಪಿಟ್ಟು ಕೊಡೂ ಮುಂದ ನೋಡೇನಿ."

ಕಾಕು ಬಗ್ಗಿ ಗಂಡನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. "ಹೌದಲ್ಲ! ಇವು ಯಾರ ಸಹವಾಸದಿಂದ ಬಂದಾವ್ರಿ?"

"ಏ, ಇದು ಕಟಿಂಗ್ ಅಂಗಡಿ ಕತ್ತಿಯಿಂದ ಬಂದದ್ದು!"

"ಇಂಟರ್ನೆಟ್ ಕತ್ತಿ ಮಾತು ಹೇಳಲಿಲ್ಲಲ್ಲ," ಅಂದೆ. "ನಿಮಗೊಂದು ಇಂಟರ್ನೆಟ್, ನಮ್ಮ ಹುಡುಗಿಗೊಂದು ಅದಾವೇನು?"

ಪಕ್ಕದ ಗೂಡಿನ ಟಕಟಕ ನಿಂತುಬಿಟ್ಟಿತು.

ಪಿಯುಸಿ ಮುಗಿಸಿದ್ದ ನನ್ನ ಮೊಮ್ಮಗಳು ಆಗ ಬಾಯಿ ಬಿಟ್ಟಳು. "ಕಾಕಾ, ಸ್ವಲ್ಪ ಸರೀರಿ. ಕೆಳಗ ಇನ್ನೂ ಐತಿ."

ಪಾನು, ಅಂದರೆ ಆ ಪುಟ, ಕೆಳಗಿಳಿಸಿದಳು. ಬರೆದವರು ಯಾರು ಅಂತ ಎಲ್ಲೂ ಇರಲಿಲ್ಲ. ಕೊನೆಗೆ ಒಂದು ಎಣ್ಣೆಯ ಬಾಟಲಿ ಚಿತ್ರ, ತರಿಸಿಕೊಳ್ಳಿರಿ ಅಂತ. "ಹೆದರಸಾವನೂ ಅವನ, ಎಣ್ಣಿ ಮಾರಾವನೂ ಅವನ," ಅಂದೆ.

ಆಕೆ ಇನ್ನೊಂದು ಪಾನು ತೆಗೆದಳು. ಅದು ಒಂದು ಆಸ್ಪತ್ರೆಯದು, ಬರೆದ ಡಾಕ್ಟರ ಹೆಸರೂ ಇತ್ತು. ತಡೆದು ತಡೆದು ಓದಿ ಹೇಳಿದಳು. ಎಚ್‌ಪಿವಿ ಅನ್ನುವ ಆ ವೈರಸ್‌ನಲ್ಲಿ ನೂರಕ್ಕೂ ಹೆಚ್ಚು ಜಾತಿ. ಬೆರಳಿನದು ಮುಟ್ಟಿದರೆ, ಗಾಯವಿದ್ದರೆ ಹತ್ತುವಂಥದ್ದು. ಅದಕ್ಕೂ ಆ ಕ್ಯಾನ್ಸರಿಗೂ ಸಂಬಂಧವಿಲ್ಲ. ಗಂಡಹೆಂಡಿರ ಕೂಟದಿಂದ ಬರುವ ಜಾತಿ ಬೇರೆ. ಅದೂ ಬಹಳ ಮಂದಿಗೆ ತಾನೇ ಹೋಗುತ್ತದೆ. ಕೆಲವರಿಗೆ ಮಾತ್ರ ಗರ್ಭಕೋಶದ ಬಾಯಿಯಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಉಳಿದು ಕ್ಯಾನ್ಸರ್ ಆಗಬಹುದು, ಅದಕ್ಕೇ ಲಗ್ನವಾದ ಹೆಂಗಸರು ತೋರಿಸಿಕೊಳ್ಳಬೇಕು. ಯಾವಾಗ ಬಂತು, ಯಾರಿಂದ ಬಂತು ಅಂತ ಹೇಳಲಿಕ್ಕಾಗದು.

"ಇಷ್ಟೆಲ್ಲ ನನ್ನ ಪಾನಿನಾಗ ಇರಲಿಲ್ಲ," ಅಂದ ಕಾಕಾ.

"ನಿಮ್ಮ ಪಾನು ನೀವು ಪೂರ್ತಿ ಓದಿದ್ರೇನು?" ಕಾಕು ಕೇಳಿದಳು.

"ಕರೆಂಟ್ ಹೋಗ್ತೈತಿ, ನಡೀರಿ ಮನಿಗೆ," ಅಂದ. ಫ್ಯಾನು ಗರಗರ ತಿರುಗುತ್ತಲೇ ಇತ್ತು.

ಸಂಜೆ ಎಲ್ಲರೆದುರು ಕಾಕು ಸಾರಿದಳು, "ಶುಕ್ರವಾರ ಸಕ್ಕರಿ ಕಾರ್ಯ ಆಗೂದ. ಬ್ಯಾಡ ಅನ್ನವರು ಮೊದಲ ತಮ್ಮ ಗದ್ದ ತೋರಸ್ರಿ." ಯಾರೂ ತೋರಿಸಲಿಲ್ಲ. ಹುಡುಗ ಗೋಡೆ ಕಡೆ ತಿರುಗಿ ನಕ್ಕ. ಆ ನಗು ನನ್ನ ಮೊಮ್ಮಗಳಿಗೂ ಕಂಡಿತು. ಅಲ್ಲಿಗೆ ಹುಡುಗಿಯ ಹೆಸರು ಉಳಿಯಿತು.

ಆದರೆ ಎರಡನೇ ಪಾನು ನನಗೆ ಬೇಕಾದದ್ದನ್ನೇ ಹೇಳಿತ್ತು. ಕಾಕಾನೂ ತನಗೆ ಬೇಕಾದದ್ದನ್ನೇ ನಂಬಿದ್ದ. ಆ ರಾತ್ರಿ ಬೀಗರಲ್ಲೇ ಉಳಿದೆವು. ಮರುದಿನ ಮುಂಜಾನೆ ಎಲ್ಲರನ್ನೂ ಸರಕಾರಿ ದವಾಖಾನೆಗೆ ಎಳೆದುಕೊಂಡು ಹೋದೆ. ಹೆಂಗಸರ ಡಾಕ್ಟರ್ ಹುಡುಗಿಯ ಬೆರಳು ನೋಡಿ, "ಇವಕ್ಕ ಯಾಕ ಹೆದರ್ತೀರಿ? ಕೆರಕೋಬ್ಯಾಡ್ರಿ, ಅಷ್ಟ," ಅಂದರು.

"ಮತ್ತ ಆ ಒಳಗಿಂದು, ಗರ್ಭಕೋಶದ ಬಾಯಿದು?" ಅಂತ ಕೇಳಿದೆ.

"ಅದನ್ನ ಪರೀಕ್ಷೆ ಮಾಡಬೇಕಾಗ್ತದ. ಯಾರಿಗೆ?"

"ನಮಗಿಬ್ಬರಿಗೂ," ಅಂತ ಕಾಕೂನ ಕೈ ಹಿಡಿದೆ. ಕಾಕಾನನ್ನು ಹೊರಗೆ ನಮ್ಮ ಚಪ್ಪಲಿ ಕಾಯಲು ಕೂಡಿಸಿ, ಇಬ್ಬರೂ ಪರದೆಯೊಳಗೆ ಹೋದೆವು.