ಕಣ್ಣು ಚುಚ್ಚಿಸಿಕೊಂಡ ಅಂಬಿಗ

ಮುದುಕ ಕ್ವಾಯ್‌ನ ಮೋರೆ ಕಂಡರೆ ಶಾಂಘೈನ ಯಾವ ಮಗುವಾದರೂ ಇವನೇ ಖಳ ಅನ್ನುತ್ತಿತ್ತು. ತ್ರಿಕೋನದ ಕಣ್ಣು, ಚೂಪು ಗದ್ದ, ಮಚ್ಚೆಯ ಮೇಲೆ ಎರಡು ಕೂದಲು. ನಮ್ಮ ಮಕ್ಕಳ ಚಿತ್ರದ ಕತೆಪುಸ್ತಕಗಳಲ್ಲಿ ಜಮೀನ್ದಾರ, ಗೂಢಚಾರ, ದ್ರೋಹಿ ಎಲ್ಲರಿಗೂ ಇದೇ ಮೋರೆ. ಚಿತ್ರ ಬರೆಯುವವರು ಅವರ ಬೆನ್ನು ಬಾಗಿಸಿ, ಮುಖಕ್ಕೆ ಕಪ್ಪು ಬಳಿದು ಪುಟದ ಮೂಲೆಗೆ ತಳ್ಳುತ್ತಿದ್ದರು. ದಪ್ಪ ಹುಬ್ಬಿನ ನಾಯಕನಿಗೆ ಪುಟದ ನಡುವೆ ಜಾಗ, ಬೆಳಕೆಲ್ಲ ಅವನಿಗೇ. ಕ್ರಾಂತಿಯ ಘೋಷಣೆಗಳ ಕಾಲದಲ್ಲಿ ಬೀದಿಗಿಳಿದವಳು ನಾನು, ಆಗಿನ ನ್ಯಾಯ ಬಲ್ಲೆ. ಇಂಥ ಪುಸ್ತಕಗಳನ್ನು ಮಕ್ಕಳಿಗೆ ಬಾಡಿಗೆಗೆ ಕೊಡುತ್ತಿದ್ದ ಕ್ವಾಯ್‌ನ ಅಂಗಡಿ ಮುಚ್ಚಿಸಲು ಆ ಮೋರೆಯೊಂದೇ ಸಾಕಾಯಿತು.

ಗಾಳಿ ತಿರುಗಿದ ಮೇಲೆ ಮತ್ತೆ ಅಂಗಡಿ ಕೇಳಿದ. ಓಣಿ ಕಚೇರಿಯ ಥಾಂಗ್ ಅಕ್ಕ ಹೇಳಿದಳು: "ಹೊಸ ವರ್ಷದ ಹಬ್ಬದವರೆಗೆ ನೋಡ್ತೀನಿ. ಮಕ್ಕಳು ಬರದಿದ್ರೆ ಜಾಗ ಸೈಕಲ್ ರಿಪೇರಿಯವನಿಗೆ. ನಿನ್ನ ಮೋರೆಗೇ ಓಡಿಹೋಗ್ತಾವೆ."

"ಮೋರೆಗೇನು ಬಾಡಿಗೆ ಕೇಳ್ತೀನಾ ಅಕ್ಕ, ಪುಸ್ತಕಕ್ಕೆ ತಾನೆ."

ಹಬ್ಬ ಹತ್ತಿರ ಬಂದರೂ ಅಂಗಡಿ ಮುಂದೆ ಕೂತು ಓದುವ ಬೆಂಚು ಖಾಲಿ. ಮಕ್ಕಳು ದೂರ ನಿಂತು, "ಡಕಾಯಿತ ತಾತ, ಗುಹೆ ಬಿಟ್ಟು ಯಾಕೆ ಬಂದೆ?" ಅಂತ ಕೆಣಕುತ್ತಿದ್ದವು. ಬಂದು ಕೂರುತ್ತಿದ್ದವಳು ಬಾಯಿಬಡುಕಿ ಶ್ಯಾವ್‌ಮಾನ್ ಒಬ್ಬಳೇ.

ಖಳ ಕಂಡ ಕೂಡಲೇ ಪೆನ್ಸಿಲ್ ಮೊನೆಯಿಂದ ಅವನ ಕಣ್ಣು ಚುಚ್ಚುವುದು ಇಲ್ಲಿನ ಮಕ್ಕಳ ಚಾಳಿ. ಹೊಸದಾಗಿ ಬಂದ, ಹೊಳೆಯ ಪ್ರವಾಹದ ಕತೆಪುಸ್ತಕದಲ್ಲಿ ಶ್ಯಾವ್‌ಮಾನ್ ತ್ರಿಕೋನ ಕಣ್ಣಿನ ಅಂಬಿಗನನ್ನು ಕಂಡಳು, ಚುಚ್ಚಿದಳು. ಆಮೇಲೆ ಓದಿದಳು. ದಪ್ಪ ಹುಬ್ಬಿನ ಅಧಿಕಾರಿ ಧಾನ್ಯದ ದೋಣಿ ಬಿಚ್ಚಿಕೊಂಡು ಪರಾರಿ. ಮಕ್ಕಳನ್ನೆಲ್ಲ ದಡ ಸೇರಿಸಿದವನು ಅಂಬಿಗ.

ಅವಳ ಕಿವಿ ಕೆಂಪಾಯಿತು. "ತಾತ, ಚಿತ್ರ ಬರೆದೋರು ತಪ್ಪು ಮಾಡಿದಾರೆ. ಒಳ್ಳೆಯವನಿಗೆ ನಿನ್ನ ಮೋರೆ ಹಾಕಿದಾರೆ."

ಕ್ವಾಯ್ ಪುಟವನ್ನು ಬಹಳ ಹೊತ್ತು ನೋಡಿದ. "ಹೌದಲ್ಲ. ಮಚ್ಚೆ ಒಂದು ಮರೆತಿದಾರೆ."

"ನಾನು ಕಣ್ಣು ಚುಚ್ಚಿಬಿಟ್ಟೆ."

ಅವನು ಬೈಯಲಿಲ್ಲ. ತೂತಿನ ಹಿಂದೆ ತೆಳು ಕಾಗದ ಅಂಟಿಸಿ ಪೆನ್ಸಿಲ್ ಕೊಟ್ಟ. "ನೀನೇ ಬರಿ."

"ಅಂಥ ಕಣ್ಣು ನಂಗೆ ಬರಲ್ಲ."

"ಇಲ್ಲೇ ಎರಡು ಇದಾವಲ್ಲ, ನೋಡ್ಕೊಂಡು ಬರಿ."

ಅವಳು ಎದುರಿಗೇ ಕುಕ್ಕರಿಸಿದಳು. ಆ ಮೋರೆಯನ್ನು ಇಷ್ಟು ಹತ್ತಿರದಿಂದ ಓಣಿಯಲ್ಲಿ ಯಾರೂ ನೋಡಿರಲಿಲ್ಲ.

"ಅಲ್ಲಾಡಬೇಡ ತಾತ."

"ಮೂಗು ಕೆರೀತಿದೆ."

"ಆಮೇಲೆ ಕೆರ್ಕೋ."

ದೂರ ನಿಂತಿದ್ದ ಮಕ್ಕಳು ಒಂದೊಂದೇ ಬಂದು ಅವಳ ಹೆಗಲ ಮೇಲಿಂದ ಬಗ್ಗಿದವು. "ಎಡಗಣ್ಣು ಇನ್ನೂ ಸಣ್ಣದು ಕಣೇ, ಸರಿಯಾಗಿ ನೋಡು." ಕತೆ ಏನೆಂದು ತಿಳಿಯಲು ಎಲ್ಲಕ್ಕೂ ಅದೇ ಪುಸ್ತಕ ಬೇಕಾಯಿತು.

ಹಬ್ಬದ ಮುನ್ನಾದಿನ ಥಾಂಗ್ ಅಕ್ಕ ಬಂದಾಗ ಬೆಂಚಿನ ಮೇಲೆ ಕೂರಲು ಜಾಗವಿರಲಿಲ್ಲ. "ಸೈಕಲ್ಲಿನವನಿಗೆ ಬೇರೆ ಮೂಲೆ ಹುಡುಕ್ತೀನಿ ಬಿಡು," ಅಂದು ಹೋದಳು.

ಕಣ್ಣು ಚುಚ್ಚುವುದನ್ನು ಮಕ್ಕಳೇನೂ ಬಿಡಲಿಲ್ಲ. ಕೊನೆಯ ಪುಟದವರೆಗೆ ಓದಿ, ಆಮೇಲೆ ಚುಚ್ಚುತ್ತಿದ್ದವು.